ಮುನ್ನೂರು ಕಿಲೋಮೀಟರು ಮೇಲಕ್ಕೆ

ಕೊನೆಯ ಬಸ್ಸು ಅಂಜನಪ್ಪನನ್ನು ಗೌಡಗೆರೆಯಲ್ಲಿ ಇಳಿಸಿ ಹೋದಾಗ ರಾತ್ರಿ ಹತ್ತೂವರೆ. ಎಂಬತ್ತಾರನೆಯ ಇಸವಿ, ಶಿವರಾತ್ರಿಯ ಹಿಂದಿನ ಗುರುವಾರ. ಚಂದ್ರ ಹುಟ್ಟುವುದು ಬೆಳಗಿನ ಜಾವಕ್ಕೆ. ಅವನ ಹಟ್ಟಿಗೆ ಅಲ್ಲಿಂದ ಮೂರು ಮೈಲಿ, ಕಾಲುದಾರಿ. ನಡುವೆ ಒಂದು ಆಲದ ಮರ, ಮರದ ಪಕ್ಕದಲ್ಲಿ ಹಟ್ಟಿಯವರು ನೀರು ಸೇದುವ, ಕಲ್ಲು ಕಟ್ಟಿದ ಬಾವಿ. ರಾತ್ರಿ ಹೊತ್ತು ಆ ದಾರಿಯಲ್ಲಿ ಯಾರೂ ಒಬ್ಬೊಬ್ಬರೇ ಹೋಗುವುದಿಲ್ಲ... ಅವತ್ತು ಅವನಿಗೆ ಅದರ ಯೋಚನೆಯೇ ಇರಲಿಲ್ಲ. ಜೇಬಿನಲ್ಲಿ ಒಂದು ಕಾರ್ಡಿತ್ತು.

ಹೆಂಡತಿ ಕ್ಯಾತಮ್ಮ ಯಾರ ಕೈಯಲ್ಲೋ ಬರೆಸಿ ಹಾಕಿದ ಕಾರ್ಡು. 'ಬುಧವಾರ ಹೆಣ್ಣು ಮಗು ಆಯಿತು. ನನಗೆ ಜ್ವರ ಇಳಿಯುತ್ತಿಲ್ಲ. ಬೇಗ ಬಂದು ಶಿರಾ ಆಸ್ಪತ್ರೆಗೆ ಕರೆದುಕೊಂಡು ಹೋಗು.' ಅದು ಅವನ ಕೈಸೇರಿದ್ದು ಸೋಮವಾರ.

ಸೋಮವಾರವೇ ಅವನು ಹೊರಡಲಿಲ್ಲ. ಇದನ್ನು ಮುಚ್ಚಿಡುವುದು ಬೇಡ.

ಅಂಜನಪ್ಪ ತುಮಕೂರಿನಲ್ಲಿ ಡಿಪ್ಲೊಮಾ ಓದಿ, ದೂರದ ಜಿಲ್ಲೆಯ ಒಂದು ಉಪಗ್ರಹ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದ. ಫೋನು, ರೇಡಿಯೊ, ಟೀವಿಗಳನ್ನು ಸಾಗಿಸುವ ಉಪಗ್ರಹಗಳು ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದಲ್ಲಿ ಒಂದೇ ದಾರಿಯಲ್ಲಿ ಸಾಲಾಗಿ ಇರುತ್ತವೆ. ಆಯಸ್ಸು ತೀರಿದ್ದನ್ನು ಆ ಸಾಲಿನಲ್ಲೇ ಬಿಟ್ಟರೆ ಅದು ಅತ್ತಿತ್ತ ತೇಲಿ ಕೆಲಸ ಮಾಡುವ ಇನ್ನೊಂದಕ್ಕೆ ಬಡಿಯಬಹುದು. ಅಷ್ಟು ದೂರದಿಂದ ಕೆಳಗಿಳಿಸುವುದು ಆಗದ ಮಾತು. ಅದಕ್ಕೇ ಟ್ಯಾಂಕಿನಲ್ಲಿ ಸ್ವಲ್ಪ ಇಂಧನ ಉಳಿದಿರುವಾಗಲೇ ಅದನ್ನು ಇನ್ನೂ ಮುನ್ನೂರು ಕಿಲೋಮೀಟರು ಮೇಲಕ್ಕೆ ತಳ್ಳಿ, ಮಿಕ್ಕ ಇಂಧನ ಹೊರಗೆ ಬಿಟ್ಟು, ಬ್ಯಾಟರಿ ಬರಿದು ಮಾಡಿ, ಕೊನೆಗೆ ಅದರ ರೇಡಿಯೊ ಆರಿಸಬೇಕು. ಆಮೇಲೆ ಅದು ಯಾರಿಗೂ ಅಡ್ಡಿಯಿಲ್ಲದೆ ಅಲ್ಲೇ ಸುತ್ತುತ್ತಿರುತ್ತದೆ.

ಹಿಂದಿನ ಸಲ ಊರಿಗೆ ಬಂದಾಗ ಇದನ್ನೆಲ್ಲ ಕ್ಯಾತಮ್ಮನಿಗೆ ಹೇಳಿದ್ದ. ಅವಳು ತುಂಬಿದ ಬಸುರಿ, ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

"ಆಚೆಗಾಕಾಕೂ ಒಟ್ಟೇಲಿ ಒಂದಿಷ್ಟು ಉಳ್ಸಿರ್ಬೇಕಾ ಬಾವ?" ಎಂದು ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ, "ನನ್ನ ಆಚೆಗಾಕಾಕ್ ಮುಂಚೆ ಆಸ್ಪತ್ರೆಗೆ ಕರ್ಕಂಡೋಗು" ಎಂದಿದ್ದಳು.

ಆ ಹಟ್ಟಿಯ ಕಟ್ಟು ಹಾಗೆ. ಹೆರಿಗೆಯಾದವಳು ಹಟ್ಟಿಯೊಳಗಿರುವಂತಿಲ್ಲ. ಬೇಲಿಯ ಆಚೆ, ಬಯಲಿನಲ್ಲಿ, ಸೋಗೆಯ ಗುಡ್ಲು. ಅದರಲ್ಲಿ ಇಪ್ಪತ್ತೊಂದು ದಿನ. ಮುದ್ದೆ ತಟ್ಟೆಯನ್ನು ಕಲ್ಲಿನ ಮೇಲಿಟ್ಟು, ಇಟ್ಟವರು ಹಿಂದೆ ಸರಿದ ಮೇಲೆ ಬಾಣಂತಿ ಬಂದು ಎತ್ತಿಕೊಳ್ಳಬೇಕು. ಬಾವಿಯ ಕಡೆ ಹೆಜ್ಜೆ ಇಡುವಂತಿಲ್ಲ. ಅವಳನ್ನು ಮುಟ್ಟಿದವರೂ ಒಳಗೆ ಬರುವಂತಿಲ್ಲ. ಅಂಜನಪ್ಪನಿಗೆ ಇದು ತಪ್ಪೆಂದು ಗೊತ್ತಿತ್ತು. ಅಪ್ಪ ಯತ್ತಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ನೋಡೋಣ ಎಂದು ಹೊರಟುಹೋಗಿದ್ದ.

ಆ ವಾರ ಕೇಂದ್ರದಲ್ಲಿ ಅಂಥದೊಂದು ಉಪಗ್ರಹವನ್ನು ಮೇಲಕ್ಕೆ ತಳ್ಳುವ ಕೆಲಸ ನಡೆದಿತ್ತು. ಕಾರ್ಡು ತೋರಿಸಿದಾಗ ಮೇಲಿನ ಅಧಿಕಾರಿ ಅಡವಯ್ಯನವರು, ಮಧುಗಿರಿ ಕಡೆಯವರು, ಬೈಯಲಿಲ್ಲ. "ಮೂರು ದಿನ ಕಣಪ್ಪ. ಇಂಧನ ಎಷ್ಟಿದೆ ಅನ್ನೋದೇ ಅಂದಾಜು. ನಡುವೆ ಮುಗಿದುಹೋದ್ರೆ ಅಲ್ಲೇ ನಿಂತುಬಿಡುತ್ತೆ. ಇದನ್ನ ಸಾಗಹಾಕಿ ಹೋಗು" ಎಂದರು. ಮೂರು ದಿನ ತಾನೇ ಎಂದುಕೊಂಡು ಅವನು ಉಳಿದ. ಗುರುವಾರ ಬೆಳಗಿನ ಜಾವ ನಾಲ್ಕು ಹತ್ತಕ್ಕೆ ರೇಡಿಯೊ ಆರಿಸುವ ಆಜ್ಞೆ ಕಳಿಸಿದ್ದು ಅವನೇ. ಅದರ ಸಂಕೇತ ಹಿಡಿಯುವ ಪೆಟ್ಟಿಗೆಯಿಂದ ಬರುತ್ತಿದ್ದ ಸಣ್ಣ ಶಿಳ್ಳೆಯಂಥ ಸದ್ದು ನಿಂತಿತು. ಆರು ಗಂಟೆಗೆ ಬಸ್ಸು ಹತ್ತಿದ.

ಈಗ ಆಲದ ಮರ ಹತ್ತಿರ ಬಂತು... ಮೊದಲು ಕೇಳಿಸಿದ್ದು ರಾಟೆ.

ಕಿರ್ರ್... ಕಿರ್ರ್... ಆಮೇಲೆ ಕೊಡ ನೀರಿಗೆ ಬಿದ್ದ ಸದ್ದು. ಗುಳುಂ.

ಯಾರೋ ನೀರು ಸೇದುತ್ತಿದ್ದರು. ಬಿಳಿ ಬಟ್ಟೆಯಲ್ಲಿ ತಲೆಗೆ, ಕಿವಿಗೆ ಬಿಗಿದ ಕಟ್ಟು. ಬಾಣಂತಿಯ ಕಟ್ಟು.

"ಕ್ಯಾತಿ?"

"ಬಂದ್ಯಾ ಬಾವ." ಅವಳು ತಿರುಗಲಿಲ್ಲ. ಪಿಸುದನಿ.

ಎಂಟು ದಿನದ ಬಾಣಂತಿ, ಜ್ವರದವಳು. ಹೇಗಿದ್ದೀಯ ಎಂದು ಅವನು ಕೇಳಬೇಕಿತ್ತು. ಅವನ ಬಾಯಿಂದ ಮೊದಲು ಬಂದ ಮಾತು ಬೇರೆ.

"ಲೇ... ಬಾವಿ ಮುಟ್ಟಿದ್ಯಾ? ಯಾರಾನಾ ನೋಡಿದ್ರೆ?"

ಹೇಳಿದವನೇ ಸುತ್ತಲೂ ನೋಡಿದ. ಓದಿದವನು, ಆಕಾಶದ ಕೆಲಸದವನು, ಹಾಗೆ ನೋಡಿದ.

"ಮೂರು ರಾತ್ರಿ ಕೂಗಿದ್ರೂ ಯಾರೂ ಬರ್ಲಿಲ್ಲ. ಈಗ ನೋಡಾಕ್ ಬತ್ತಾರಾ?"

"ಇನ್ನೂ ಅದಿಮೂರು ದಿನ ಐತಲ್ಲೇ..."

"ಇದ್ನ ಮಾತ್ರ ಸರ್ಯಾಗ್ ಎಣ್ಸಿದ್ಯ." ಕಿರ್ರ್... ಕಿರ್ರ್... "ಆಯ್ತಾ ನಿನ್ ಕೆಲ್ಸ?"

"ಆಯ್ತು."

"ಆಚೆಗಾಕಿದ್ಯಾ ಅದ್ನ?"

"ಊಂ. ಮುನ್ನೂರು ಕಿಲೋಮೀಟರು."

"ಎಷ್ಟ್ ಜನ ಇದ್ರಿ?"

"ಅನ್ನೊಂದ್ ಜನ. ಪಾಳಿ ಮ್ಯಾಲೆ."

"ರಾತ್ರಿ ಎಲ್ಲ ಕುಂತಿದ್ರಾ?"

"ಕುಂತಿರ್ಲೇಬೇಕು ಕಣೆ. ಅದ್ರ ಬಿಸಿ ಎಷ್ಟೈತೆ, ಬ್ಯಾಟ್ರಿ ಎಷ್ಟೈತೆ... ನಿಮಿಷ ನಿಮಿಷಕ್ಕೂ ನೋಡ್ಬೇಕು."

ರಾಟೆ ನಿಂತಿತು.

"ಬಿಸಿ ಎಷ್ಟೈತೆ ಅಂತ್ಲೂ ನೋಡ್ತಾರಾ..." ಎಂದಳು. "ನನ್ ಅಣೆ ಮ್ಯಾಲೆ ಮನೇವ್ರು ಯಾರೂ ಕೈ ಮಡುಗ್ಲಿಲ್ಲ ಬಾವ."

ಅವನು ಮುಂದೆ ಹೋಗಿ ಹಣೆ ಮುಟ್ಟಬಹುದಿತ್ತು. ಹತ್ತು ಹೆಜ್ಜೆ ಅಷ್ಟೆ. ಕಾಲು ಏಳಲಿಲ್ಲ. ಅದು ಭಯದಿಂದಲ್ಲ. ಮುಟ್ಟಿದರೆ ಮನೆಯೊಳಗೆ ಹೇಗೆ ಹೋಗುವುದು ಎಂಬ ಯೋಚನೆಯಿಂದ. ಮುಂದೆ ಅವನೇ ಇದನ್ನು ಒಪ್ಪಿಕೊಂಡ.

"ಮಗು ಚಳೀಲಿ ಐತೆ" ಎಂದಳು. "ಈಗ್ಲೇ ಆಸ್ಪತ್ರೆಗೆ ಕರ್ಕಂಡೋಗು. ಈವತ್ತೇ."

"ಬೆಳಿಗ್ಗೆ ಅಪ್ಪನ್ನ ಒಂದ್ ಮಾತು ಕೇಳಿ..."

ಅವಳು ಹಗ್ಗ ಕೈಬಿಟ್ಟಳು. ಕೊಡ ಗೋಡೆಗೆ ಬಡಿಯುತ್ತ ಇಳಿಯಿತು. ಠಣ್... ಠಣ್... ಅದು ನೀರಿಗೆ ಬಿದ್ದ ಸದ್ದು ಮಾತ್ರ ಕೇಳಿಸಲಿಲ್ಲ. ಅವನು ಕಾದ. ಆಮೇಲೆ ನೋಡಿದರೆ ಬಾವಿಯ ಹತ್ತಿರ ಯಾರೂ ಇಲ್ಲ. ರಾಟೆಯಲ್ಲಿ ಹಗ್ಗವೂ ಇಲ್ಲ.

ಓಡಿದ. ಹಟ್ಟಿಯ ಕಡೆಗಲ್ಲ, ಗುಡ್ಲಿನ ಕಡೆಗೆ.

ಗುಡ್ಲಿನ ಮುಂದೆ ಒಂದು ಲಾಟೀನು. ಸೂಲಗಿತ್ತಿ ಚಿಕ್ಕಹನುಮಕ್ಕ ಮಗುವನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಮುಟ್ಟಿದವಳಾದ್ದರಿಂದ ಅವಳೂ ಹೊರಗೇ.

"ಈಗ್ ಬಂದ್ಯೇನಪ್ಪ" ಎಂದಳು.

"ಕ್ಯಾತಿ ಎಲ್ಲಿ?"

"ಬೆಳಗಿನ ಜಾವ ಓಗ್ಬುಟ್ಲು. ಮದ್ಯಾನವೇ ಮಣ್ ಮಾಡಿದ್ರು. ನಿಂಗೆ ತಂತಿ ಕೊಟ್ಟವ್ರೆ, ನೀನು ಬಸ್ನಾಗಿದ್ದೆ."

"ಈಗ್ ನೋಡ್ದೆ... ಬಾವಿ ತಾವ..."

"ಮೆಲ್ಲಗೆ ಮಾತಾಡು" ಎಂದಳು ಮುದುಕಿ. ಬೆರಗಾದಂತೆ ಕಾಣಲಿಲ್ಲ. "ಮೂರು ದಿನ ನೀರು ನೀರು ಅಂದ್ಲು. ನಾನ್ ಬಾವಿ ಮುಟ್ಟಂಗಿಲ್ಲ. ಬೇಲಿ ತಾವ ನಿಂತು ಕೂಗ್ದೆ. ಅವ್ರು ತಂದಿಟ್ಟಾಗ ಇತ್ತು, ಇಲ್ದಾಗ ಇಲ್ಲ."

ಮಗುವಿನ ಕೈ ತಣ್ಣಗಿತ್ತು. ಅಳುವ ಶಕ್ತಿ ಇರಲಿಲ್ಲ. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಅಂಜನಪ್ಪ ಅದನ್ನು ಎತ್ತಿಕೊಂಡು ಶರಟಿನೊಳಗೆ, ಎದೆಗೆ ಒತ್ತಿಕೊಂಡ.

ಬೇಲಿಯ ಹತ್ತಿರ ಕೆಮ್ಮಿನ ಸದ್ದು. ಯತ್ತಪ್ಪ ಕಂಬಳಿ ಹೊದ್ದು ನಿಂತಿದ್ದ.

"ಲೇ ಅಂಜ್ನ, ಮುಟ್ಬುಟ್ಯಾ? ಇನ್ನೂ ಅದಿಮೂರು ದಿನ ಐತೆ ಕಣ್ಲಾ. ದೇವ್ರು ಸುಮ್ಕಿರಾಕಿಲ್ಲ."

"ಇಲ್ಲಿಗಂಟ ಸುಮ್ಕೇ ಇದ್ನಲ್ಲಪ್ಪ."

"ಒಳಗೆ ಬರಂಗಿಲ್ಲ ನೀನು, ನೋಡು."

"ಬರಾಕಿಲ್ಲ" ಎಂದ ಅಂಜನಪ್ಪ.

ಅಪ್ಪನಿಗೆ ಅವನು ಆಡಿದ ಮೊದಲ ಎದುರು ಮಾತು ಅದು. ಒಂದು ವಾರ ತಡವಾಗಿತ್ತು.

ಬಂದ ದಾರಿಯಲ್ಲೇ ತಿರುಗಿ ನಡೆದ. ಬಾವಿಯ ಹತ್ತಿರ ನಿಂತು "ಕ್ಯಾತಿ" ಎಂದು ಕರೆದ. ಎರಡು ಸಲ. ಆಲದ ಎಲೆಗಳು ಸರಸರ ಎಂದವು, ಅಷ್ಟೆ. ಗೌಡಗೆರೆಯಲ್ಲಿ ಕಡಲೆಕಾಯಿ ಮೂಟೆಯ ಲಾರಿಯೊಂದು ಶಿರಾಕ್ಕೆ ಹೊರಟಿತ್ತು. ಡ್ರೈವರು ಕ್ಯಾಬಿನ್ನಿನೊಳಗೆ ಕೂರಿಸಿಕೊಂಡ. ದಾರಿಯುದ್ದಕ್ಕೂ ಅಂಜನಪ್ಪ ಡ್ರೈವರಿನ ಕಡೆಗೆ ಒತ್ತಿಕೊಂಡು ಕೂತಿದ್ದನಂತೆ, ಬಾಗಿಲ ಕಡೆ ಇನ್ನೊಬ್ಬರಿಗೆ ಜಾಗ ಬಿಟ್ಟವನ ಹಾಗೆ. ಅವನಿಗೇ ಅದು ಆಗ ಗಮನಕ್ಕೆ ಬರಲಿಲ್ಲ.

ಶಿರಾದ ಆ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು ಸರ್ವಮಂಗಳಾ ಇದ್ದರು. ಕರೆಂಟು ಹೋಗಿತ್ತು. ಮಗುವನ್ನು ಕಂಡವರೇ ಕಸಿದುಕೊಂಡು ಒಳಗೆ ಓಡಿದರು. ಬಿಸಿನೀರಿನ ಬಾಟಲು, ಹತ್ತಿ, ತೊಟ್ಟು ತೊಟ್ಟಾಗಿ ಹಾಲು. ಅಂಜನಪ್ಪ ನೆಲದ ಮೇಲೆ ಕುಸಿದು ಹಾಗೇ ನಿದ್ದೆ ಹೋದ. ನಾಲ್ಕು ರಾತ್ರಿಯ ನಿದ್ದೆ ಬಾಕಿಯಿತ್ತು.

ಬೆಳಕಾದ ಮೇಲೆ ನರ್ಸು ಅವನನ್ನು ಅಲುಗಿಸಿ ಎಬ್ಬಿಸಿದರು.

"ಮಗು ಹಾಲು ಕುಡೀತಿದೆ, ಹೆದರ್ಬೇಡಿ. ನಿಮ್ಮ ಹೆಂಡ್ತಿ ಎಲ್ಲಿ ಹೋದ್ರು? ಇಲ್ಲೇ ಬೆಂಚಿನ ಮೇಲೆ ಕೂತಿದ್ರಲ್ಲ. ಅಂಥ ಜ್ವರದಲ್ಲಿ ಎದ್ದು ಹೋಗ್ಬಾರ್ದು ಅಂತ ಅಷ್ಟು ಹೇಳಿದೀನಿ."

ಅಂಜನಪ್ಪ ಅವರ ಮುಖವನ್ನೇ ನೋಡಿದ. "ನನ್ ಹೆಂಡ್ತಿ ನಿನ್ನೆ ತೀರ್ಕೊಂಡ್ಳು ಅಮ್ಮ" ಎಂದ.

"ಏನ್ ಮಾತಾಡ್ತೀರಿ?" ಎಂದು ನರ್ಸು ದಾಖಲೆ ಪುಸ್ತಕ ತಂದು ಬಿಡಿಸಿದರು. ಆಮೇಲೆ ಅವರೂ ಬೆಂಚಿನ ಮೇಲೆ ಕೂತುಬಿಟ್ಟರು.

ನಂಬದವರು ನಂಬದಿರಲಿ. ಇದು ನಡೆದದ್ದು. ಆ ಮಗುವಿಗೆ ಮೂರು ತುಂಬುವವರೆಗೂ ಆ ಪುಸ್ತಕ ಅದೇ ಆಸ್ಪತ್ರೆಯಲ್ಲಿತ್ತು. ನೋಡಿದವರು ಐದಾರು ಜನ ಇದ್ದಾರೆ. ಶುಕ್ರವಾರ, ಬೆಳಗಿನ ಜಾವ ಎರಡೂ ಮುಕ್ಕಾಲು. ಹೆಣ್ಣು ಮಗು, ಒಂಬತ್ತನೆಯ ದಿನ. ತಂದೆಯ ಸಹಿಯ ಜಾಗ ಖಾಲಿ. ಅದರ ಕೆಳಗೆ, ತಾಯಿಯ ಸಹಿ ಎಂದಿರುವ ಕಡೆ, ನೇರಳೆ ಮಸಿಯಲ್ಲಿ ಎಡಗೈ ಹೆಬ್ಬೆಟ್ಟಿನ ಒಂದು ಗುರುತು.