ಕೊಂದವನಿಗೆ ಒಲೆ ಪಕ್ಕದ ಜಾಗ

...ಕೋವಿ ತಂದಿಲ್ಲ ಯಜಮಾನ, ಸುಮ್ಮನೆ ಕೈ ಚಾಚಿಕೊಂಡು ನಿಲ್ಲಬೇಡ. ಬಂದವನ ಕೋವಿ ಇಸ್ಕೊಂಡು ಗೂಟಕ್ಕೆ ತಗಲಿಸೋದು ಮನೆಯವನ ಕೆಲಸ, ಗೊತ್ತು. ಏನು ಮಾಡ್ಲಿ, ಜೈಲಿಂದ ಬಿಡೋವಾಗ ಬೆಲ್ಟು ವಾಪಸ್ ಕೊಟ್ರು, ಕೋವಿ ಕೊಡಲಿಲ್ಲ. ಬೇಕಾದ್ರೆ ಈ ಟೋಪಿ ತಗಲಿಸು... ಬೇಡ್ವಾ? ಸರಿ.

ಹಾಗೆ ನೋಡಬೇಡ ವುಕ್ಸಾನ್. ನಿನಗೆ ಕಷ್ಟ ಅಂತ ನನಗೆ ಗೊತ್ತಿಲ್ವಾ? ನಿನ್ನ ತಮ್ಮ ದೋದನ್ನ ಕೊಂದ ಈ ಮರಾಷ್ ಬಂದು, ನಿನ್ನ ಹೊಸ್ತಿಲಲ್ಲೇ ನಿಂತು, "ಅತಿಥಿಗೆ ಜಾಗ ಇದೆಯಾ?" ಅಂದ. ನಮ್ಮ ಬೆಟ್ಟದಲ್ಲಿ ಅದಕ್ಕೆ ಇರೋದು ಒಂದೇ ಉತ್ತರ. ರೊಟ್ಟಿ, ಉಪ್ಪು, ಹೃದಯ, ಮೂರೂ ನಿನ್ನವು ಅನ್ನಬೇಕು. ನೀನೂ ಅಂದೆ. ಹಲ್ಲು ಕಚ್ಕೊಂಡು ಅಂದೆ, ಆದ್ರೂ ಅಂದೆ. ಒಲೆ ಪಕ್ಕದ ಜಾಗಾನೇ ಕೊಟ್ಟೆ. ಇನ್ನು ನೀನು ಜೊತೆಗೆ ಬಂದು ನಿನ್ನ ಹೊಲದ ಗಡಿ ದಾಟಿಸೋ ತನಕ ನನ್ನ ಮೈಮೇಲೆ ಒಂದು ಗೀರು ಬಿದ್ರೂ ಅದರ ಸೇಡು ನೀನೇ ತೀರಿಸಬೇಕು! ಯಾಕೆ ಮುಖ ಸಿಂಡರಿಸ್ತೀಯ? ಪದ್ಧತಿ ನಾನು ಮಾಡಿದ್ದಾ?

ಕೊಡಿ ದ್ರಾನಕ್ಕ, ಕಾಫಿ ಕೊಡಿ. ಸಕ್ಕರೆ ಮರೆತಿದೀರಿ... ಮರೆತಿಲ್ವಾ. ಆಯ್ತು, ಕಹಿಯಾಗೇ ಕುಡಿಯೋಣ.

ನಾನು ಹೇಳೋಕೆ ಬಂದಿದ್ದು ಏನಂದ್ರೆ, ಮರಣದಂಡನೆ ತೆಗೆಯಬಾರದಿತ್ತು. ಯಾಕೆ ನಗ್ತೀಯ? ಇದನ್ನ ಹೇಳೋಕೆ ನನಗಿಂತ ಹಕ್ಕಿರೋನು ಯಾರಿದಾನೆ? ನನಗೇ ಬರೆದಿದ್ದು ಕಣಯ್ಯಾ ಅದು! ಜಡ್ಜು ಓದುವಾಗ ನೀನೂ ಇದ್ದೆ, ಹೊಸ ಕೋಟು ಹಾಕ್ಕೊಂಡು. ಗುಂಡಿಕ್ಕಿ ಅಂದ. ನಾನೂ ಸರಿ ಅಂದೆ. ಕಾಯ್ತಾ ಕೂತೆ. ಒಂದು ದಿನ ವಾರ್ಡರು ಓಡಿ ಬಂದ. ರಾಜಧಾನಿ ತಿರಾನಾದಲ್ಲಿ ಆ ಶಿಕ್ಷೇನೇ ತೆಗೆದುಹಾಕಿದ್ರಂತೆ, ಇನ್ನು ಯಾರಿಗೂ ಗುಂಡಿಲ್ವಂತೆ. ಎಲ್ಲ ಒಬ್ಬರನ್ನೊಬ್ಬರು ತಬ್ಕೊಂಡ್ರು. ನಮ್ಮ ವಕೀಲನೂ ನನ್ನ ತಬ್ಕೊಂಡ. "ಸ್ವಾಮಿ, ಇದನ್ನ ವುಕ್ಸಾನ್‌ಗೆ ಹೇಳೋರು ಯಾರು?" ಅಂತ ಕೇಳಿದೆ. "ಯಾವ ವುಕ್ಸಾನ್?" ಅಂದ!

ಯಾರಾದ್ರೂ ಬಂದು ಹೇಳಿದ್ರಾ ನಿನಗೆ?... ಇಲ್ಲ ತಾನೆ. ಸರ್ಕಾರದವರು ಕೋವಿ ಕೆಳಗಿಟ್ರು, ಒಳ್ಳೇದೇ. ಇಟ್ಟಿದ್ದೆಲ್ಲಿ? ನಿನ್ನ ಬಾಗಿಲಲ್ಲಿ. ಆವತ್ತಿಂದ ಮದುವೆಮನೆಗಳಲ್ಲಿ ನಿನಗೆ ಕಾಫಿ ಲೋಟವನ್ನ ಮಂಡಿ ಕೆಳಗಿಂದ ತೂರಿಸಿ ಕೊಡ್ತಾರಂತಲ್ಲ, ತಮ್ಮನ ರಕ್ತಕ್ಕೆ ರಕ್ತ ತೆಗೀದ ಗಂಡಸಿಗೆ ಅಷ್ಟೇ ಮರ್ಯಾದೆ ಅಂತ. ನೀನು ಕುಡೀತೀಯಂತೆ... ಸರಿ, ಸರಿ, ಆ ಮಾತು ಬೇಡ. ಕೂತ್ಕೋ.

ನನ್ನ ಕಡೆ ಏನಾಯ್ತು ಕೇಳು. ನಾನಂತೂ ಒಳಗೆ, ಯಾರ ಕೈಗೂ ಸಿಗಲ್ಲ. ನನ್ನ ಪಾಲಿನ ಗುಂಡು ನನ್ನ ಮಗನ ಹೆಸರಿಗೆ ತಿರುಗ್ತು. ಹೊರಗೆ ಕಾಲಿಟ್ರೆ ಗುಂಡು ಅಂತ, ಮೀಸೆ ಮೂಡಿದಾಗಿಂದ ಪಾಲ್ ಹೊಸ್ತಿಲು ದಾಟಿಲ್ಲ. ನನ್ನನ್ನಾದ್ರೂ ದಿನಾ ಜೈಲಿನ ಅಂಗಳದಲ್ಲಿ ಓಡಾಡಿಸ್ತಿದ್ರು. ಬಿಡುಗಡೆಯಾಗಿ ಮನೆಗೆ ಹೋದ್ರೆ ಜೈಲಿಂದ ಬಂದವನು ಅವನೇ ಅನ್ನೋ ಹಾಗೆ ಬಿಳಿಚಿಕೊಂಡಿದ್ದ. "ಅಲ್ಲಿ ಬಿಸಿಲಿತ್ತಾ ಅಪ್ಪಾ?" ಅಂದ. ಇತ್ತು ಅಂದೆ. ಏನು ಹೇಳಲಿ? ಈಗಲೂ ಅಲ್ಲೇ ಬಿದ್ಕೊಂಡಿದಾನೆ, ದವಡೆಗೆ ಬಟ್ಟೆ ಕಟ್ಕೊಂಡು. ಹಲ್ಲುನೋವು.

ಯಾಕೆ ಹುಬ್ಬೇರಿಸ್ತೀಯ? ಆವತ್ತೇ ನನ್ನ ಕೊಂದಿದ್ರೆ ಎಲ್ಲ ಸರಿಹೋಗ್ತಿತ್ತಾ ಅಂತಾನಾ? ಅದೂ ಹೇಳ್ತೀನಿ. ನನ್ನ ಕೋಣೇಲಿ ಬಾರ್ದ್ ಅಂತ ಒಬ್ಬನಿದ್ದ. ಕಾನೂನು ಬದಲಾಗೋಕೆ ಮುಂಚೆಯೇ ಅವನನ್ನ ಕರ್ಕೊಂಡು ಹೋದ್ರು. ಸಂಜೆಗಿರಲಿ ಅಂತ ಅರ್ಧ ರೊಟ್ಟಿ ಎತ್ತಿಟ್ಟಿದ್ದ. ನಾನು ತಿಂದೆ... ಇನ್ನೇನು ಮಾಡಬೇಕಿತ್ತು, ಪೂಜೆಯಾ? ಅವನು ಕೊಂದಿದ್ದ ಹುಡುಗನ ತಾಯಿ ಆವತ್ತು ಜೈಲಿನ ಬಾಗಿಲಿಗೆ ಬಂದು "ಮುಗೀತಾ?" ಅಂದಳಂತೆ. "ಮುಗೀತಮ್ಮಾ, ಮನೆಗೆ ಹೋಗು" ಅಂದ್ರಂತೆ. ಹೋಗಲಿಲ್ಲ. ಕತ್ತಲಾಗೋ ತನಕ ಅಲ್ಲೇ ನಿಂತಿದ್ಳಂತೆ, ಒಳಗಿಂದ ಇನ್ನೂ ಯಾರೋ ಬರೋದಿದೆ ಅನ್ನೋ ಹಾಗೆ.

ಗೊತ್ತಿಲ್ಲಪ್ಪಾ. ಇರಬೇಕಿತ್ತಾ, ತೆಗೀಬೇಕಿತ್ತಾ, ನನಗೆ ಗೊತ್ತಿಲ್ಲ. ನನಗೆ ಗೊತ್ತಿರೋದು ಇಷ್ಟು. ಎದ್ದು ಹೊರಡುವಾಗ ನನ್ನ ಜೊತೆ ಗಡಿವರೆಗೆ ಬರಬೇಡ. ನೀನು ಬರದಿದ್ರೆ, ಹೊಸ್ತಿಲು ದಾಟಿದ ಕೂಡಲೇ ನಾನು ಯಾರ ಅತಿಥಿಯೂ ಅಲ್ಲ. ದೋದನ ಮಕ್ಕಳಿಗೆ ಹೇಳು, ಬೇಲಿ ಹತ್ರ ನಿಂತಿರಲಿ. ಮೆಲ್ಲಗೆ ನಡೀತೀನಿ, ಬೇಕಾದ್ರೆ ಕೆಮ್ಮುತ್ತಾ ಹೋಗ್ತೀನಿ. ಆಮೇಲೆ ಪಾಲ್‌ನ ಬಿಟ್ಟುಬಿಡಿ.

ಅಂದ ಹಾಗೆ, ಎಲ್ಲಿ ಆ ಹುಡುಗರು? ಅತಿಥಿ ಬಂದಾಗ ಮನೆ ಗಂಡಸರೆಲ್ಲ ಬಂದು ಜೊತೆಗೆ ಕೂರಬೇಕಲ್ವಾ? ನಾನು ಅದನ್ನೇ ನಂಬ್ಕೊಂಡು... ಅಲ್ಲ, ನೋಡಿ ತುಂಬಾ ವರ್ಷ ಆಯ್ತು ಅಂತ ಅಷ್ಟೇ. ಕೆಳಗೆ ರಸ್ತೆ ಕಡೆ ಹೋಗಿಲ್ಲ ತಾನೆ?... ಸುಮ್ಮನೆ ಕೇಳಿದೆ! ಗದ್ದ ಎತ್ತಿ ಮೇಲೆ ತೋರಿಸ್ತೀಯ... ಬೆಟ್ಟದ ಹುಲ್ಲುಗಾವಲಿಗಾ? ಇಬ್ಬರೂನಾ? ಕುರಿಗಳು ಇಲ್ಲೇ ಕೊಟ್ಟಿಗೇಲಿ ಅರಚ್ತಾ ಇದಾವಲ್ಲೋ. ಕುರಿ ಬಿಟ್ಟು ಹುಲ್ಲುಗಾವಲಿಗೆ ಹೋಗಿ ಏನು ಮೇಯ್ತಾರೆ ಅವರು? ಯಾರು ಕಳಿಸಿದ್ದು?

...ನೀನಾ?

ಆ ಕಿಟಕಿ ಕಡೆ ಯಾಕೆ ನೋಡ್ತೀಯ... ಓ. ಇಲ್ಲಿಂದ ಬಸ್ಸಿನ ರಸ್ತೆ ಕಾಣುತ್ತೆ. ನಮ್ಮ ಮನೆ ಬಾಗಿಲೂ ಕಾಣುತ್ತೆ. ಬೆಳಿಗ್ಗೆ ಇಲ್ಲೇ ಕೂತಿದ್ಯಾ ವುಕ್ಸಾನ್?

ಹಲ್ಲುನೋವೆಲ್ಲ ಸುಳ್ಳು, ಪಾಲ್‌ಗೆ ಅವರಮ್ಮನ ಶಾಲು ಹೊದಿಸಿ ಕಳಿಸಿದ್ದೆ. ಹೆಂಗಸರನ್ನ ಯಾರೂ ಮುಟ್ಟಲ್ಲ ಅಂತ. ಹೆಂಗಸಿನ ಹಾಗೆ ನಡೀ ಮಗನೇ ಅಂತ ಎಷ್ಟು ಹೇಳಿಕೊಟ್ಟೆ. ಬರಲಿಲ್ಲ ಅವನಿಗೆ. ಬಯಲಲ್ಲಿ ನಡೆದೇ ಗೊತ್ತಿಲ್ಲ ಅದಕ್ಕೆ, ನೇರ ಬಸ್ಸಿನ ರಸ್ತೆಗೆ ಓಡಿಬಿಟ್ಟ. ಅದನ್ನೂ ನೋಡಿದ್ಯಾ?

ಬೈ ಬೇಕಾದ್ರೆ... ಏಳ್ತೀಯಾ? ನನ್ನ ಗಡಿವರೆಗೆ ಬಿಡೋಕಾ? ಬರಬೇಡ ಅಂದೆನಲ್ಲ... ಆಯ್ತು, ಬಾ. ಆದ್ರೆ ಈಗಲೇ ಬೇಡ, ಕೂತ್ಕೋ. ಸ್ವಲ್ಪ ಹೊತ್ತು ಕೂತ್ಕೋ. ಬಸ್ಸು ಇನ್ನೂ ತಿರುವು ದಾಟಿಲ್ಲ.