ಓಬಕ್ಕನ ಹದಿಮೂರು ನಿಮಿಷ

ಈ ಸಭೆಯ ಅಧ್ಯಕ್ಷರಾದ ಕಾಡಸಿದ್ದಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ದೊಡ್ಡೇರಿಯಿಂದ ಟೆಂಪೋ ಮಾಡಿಕೊಂಡು ಬಂದು ಮೂರನೆಯ ಸಾಲಿನಲ್ಲಿ ಕುಳಿತಿರುವ ಓಬಕ್ಕ ಮತ್ತು ಸಂಗಡಿಗರೇ, ನಮ್ಮೂರು ಮಧುಗಿರಿಯ ಸಭಿಕರೇ,

ನಿನ್ನೆ ಈ ಭಾಷಣ ಬರೆದು ಮುಗಿಸಿದ ಮೇಲೆ ಅದರ ಒಂದು ಪುಟವನ್ನು ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಸನ್ಮಾನದ ದಿನ ಅದನ್ನು ಓದುವುದು ಬೇಡ ಅನ್ನಿಸಿತ್ತು. ಈಗ ಶಾಲು ಹೊದಿಸಿಕೊಂಡು, ಅಭಿನಂದನಾ ಪತ್ರವನ್ನು ಕೇಳಿಸಿಕೊಂಡ ಮೇಲೆ ಆ ಪುಟ ಮತ್ತೆ ನನ್ನ ಕೈಗೆ ಬಂದಿದೆ.

ಆದರೆ ಮೊದಲು ಹೆಮ್ಮೆಯ ಮಾತು. ಕಳೆದ ಆಗಸ್ಟ್‌ನ ಒಂದು ಬುಧವಾರ, ನಾನು ಕೆಲಸ ಮಾಡುವ ರಾಷ್ಟ್ರೀಯ ರೇಡಿಯೋ ಕೇಂದ್ರವು ಇಡೀ ದಿನ ನಮ್ಮ ನಾಲ್ಕು ತಾಲ್ಲೂಕುಗಳ ಬಗ್ಗೆಯೇ ಮಾತಾಡಿತು. ಅದು ಹಾಡಿಲ್ಲದ ಕೇಂದ್ರ. ಬರೀ ಮಾತು, ಅದೂ ಇಂಗ್ಲಿಷಿನಲ್ಲಿ. ಬೆಳಿಗ್ಗೆ ಆರಕ್ಕೆ ನಮ್ಮ ಬೆಟ್ಟ ಹತ್ತುವವರ ಏದುಸಿರು. ಹತ್ತಕ್ಕೆ ಶಿರಾದ ಟೈಲರ್ ಒಬ್ಬರು ಶೇರ್ವಾನಿಯ ಕಾಲರು ಯಾಕೆ ನೆಟ್ಟಗೆ ನಿಲ್ಲಬೇಕು ಎಂದು ವಿವರಿಸಿದ ಸೊಗಸು. ಮಧ್ಯಾಹ್ನ ಕೊರಟಗೆರೆಯ ಮಕ್ಕಳ ಚರ್ಚೆ: ಮೊಬೈಲ್ ಬೇಕೇ, ಬೇಡವೇ? ಬೇಡ ಎಂದು ವಾದಿಸಿ ಗೆದ್ದ ಹುಡುಗಿ ಬಹುಮಾನವಾಗಿ ಏನು ಕೇಳಿದಳು ಎಂದು ನಾನು ಹೇಳಬೇಕಾಗಿಲ್ಲ. ಆಮೇಲೆ ಪಾವಗಡದ ವಳ್ಳೂರಿನ ಸೋಲಾರ್ ಪಾರ್ಕಿನ ಕಾವಲುಗಾರ ಭೀಮರಾಜು. "ನಾನ್ ಡ್ಯೂಟಿಗೆ ಲೇಟಾದ್ರೂ ಸೂರ್ಯ ಲೇಟಾಗಲ್ಲ ಮೇಡಂ. ಅವ್ನಿಗೆ ರಜಾನೂ ಇಲ್ಲ, ಸಂಬ್ಳಾನೂ ಇಲ್ಲ!" ಗುವಾಹಟಿಯಿಂದ, ಜೋಧಪುರದಿಂದ ಕೇಳುಗರ ಪತ್ರಗಳು ಬಂದವು. ಆ ದಿನವನ್ನು ಹೆಣೆದವಳು ನಾನು ಎನ್ನಲು ನನಗೆ ಸಂಕೋಚವಿಲ್ಲ.

ಸಂಜೆ ನಾಲ್ಕೂವರೆಗೆ ಓಬಕ್ಕನ ಹದಿಮೂರು ನಿಮಿಷ.

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ ನಿಮಗೆ ಗೊತ್ತು. ಮಾರ್ಚ್‌ನಲ್ಲಿ ದೊಡ್ಡೇರಿಗೆ ಹೋದಾಗ ಜಗಲಿಯಲ್ಲಿ ಓಬಕ್ಕ ಒಬ್ಬರೇ ಕುಟ್ಟುತ್ತಿದ್ದರು. ನಾನು ಮೈಕು ಹಿಡಿದು, ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ ಎಂದೆ. ಓಬಕ್ಕ ಒಪ್ಪಲಿಲ್ಲ. "ಕೈ ಸುಮ್ಕಿದ್ರೆ ನಂಗೆ ಬಾಯಿ ಓಡಾಕಿಲ್ಲ ಕಣಮ್ಮ. ನಾನ್ ಕುಟ್ತಾ ಕುಟ್ತಾ ಹೇಳ್ತೀನಿ, ನಿನ್ ಡಬ್ಬ ಹಿಡ್ಕ." ಹಾಗೇ ಹೇಳಿದರು. ಪ್ರತಿ ಮಾತಿಗೂ ಒಂದು ಪೆಟ್ಟು. ಅಷ್ಟು ಚೆಂದದ ದನಿ ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕಿರಲಿಲ್ಲ.

ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ ಪುಟ ಇಲ್ಲಿಂದ ಶುರು. ಆ ದನಿಯನ್ನು ನಾನು ಏನು ಮಾಡಿದೆ?

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಬೇರೆ ಭಾಷೆಯವರ ದನಿಯನ್ನು ಮೊದಲು ಐದು ಸೆಕೆಂಡು ಕೇಳಿಸುತ್ತೇವೆ. ಆಮೇಲೆ ಅದನ್ನು ತಗ್ಗಿಸಿ, ಅದರ ಮೇಲೆ ಅನುವಾದವನ್ನು ಓದುತ್ತೇವೆ. ಓಬಕ್ಕನ ಮೇಲೆ ಓದಿದ ದನಿ ನನ್ನದು.

ಇದು ನನಗೆ ಚಿಕ್ಕಂದಿನ ಚಾಳಿ. ಇಲ್ಲೇ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ತಂದೆ ಪ್ರಭುದೇವ್ ಅವರ ದಿನಸಿ ಅಂಗಡಿಯಿತ್ತು. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗಳನ್ನು ಅಜ್ಜಿ ಬಸವಮ್ಮ ರೇಡಿಯೋ ಪಕ್ಕ ಕೂರಿಸಿ, ಇಂಗ್ಲಿಷ್ ವಾರ್ತೆಯಲ್ಲಿ ಏನಂದರು ಎಂದು ಗಿರಾಕಿಗಳ ಮುಂದೆ ಕೇಳುತ್ತಿದ್ದರು. ನನಗೆ ಏಳು ವರ್ಷ. ಏನೂ ತಿಳಿಯುತ್ತಿರಲಿಲ್ಲ. "ನಾಳೆ ಪಾವಗಡಕ್ಕೆ ಮಳೆಯಂತೆ" ಎಂದುಬಿಡುತ್ತಿದ್ದೆ. ಅಜ್ಜಿ ಒಂದು ದಿನ ಕಿವಿಯ ಹತ್ತಿರ ಬಂದು, "ಸುಳ್ಳಾದ್ರೂ ಚೆಂದಾಗಿ ಹೇಳ್ತೀಯ ಕಣೇ" ಎಂದರು. ಅದನ್ನು ನಾನು ಹೊಗಳಿಕೆ ಎಂದೇ ಬಹಳ ವರ್ಷ ನಂಬಿದ್ದೆ.

ಆ ಬುಧವಾರ ಓಬಕ್ಕನ ಜಗಲಿಯಲ್ಲಿ ಮೊಬೈಲಿನ ಸುತ್ತ ಎಲ್ಲರೂ ಸೇರಿದ್ದರಂತೆ. ಜೊತೆಗೆ ಹಣ್ಣು ಕುಟ್ಟುವ ಕೆಂಚಮ್ಮ, ಎಲ್ಲರ ಹೆಸರೂ ಹೇಳಿದ್ದೇನೆ ಎಂಬ ಓಬಕ್ಕನ ಮಾತು ನಂಬಿ, "ಸುಮ್ಕಿರ್ರೇ, ಈಗ ನನ್ನೆಸ್ರು ಬತ್ತೈತೆ" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದರು. ಐದು ಸೆಕೆಂಡು ಓಬಕ್ಕ. ಆಮೇಲೆ ಇಂಗ್ಲಿಷು. "ಯಾವಳೇ ಇವ್ಳು, ನಿನ್ ಮಾತ್ ಮ್ಯಾಲೆ ಬಂದ್ ಕುಂತ್ಕಂಡವ್ಳು?" ಎಂದರಂತೆ ಕೆಂಚಮ್ಮ. ಹದಿಮೂರು ನಿಮಿಷ ಕಾದರೂ ಹೆಸರು ಬರಲಿಲ್ಲ.

ಮಾರನೆಯ ದಿನ ಓಬಕ್ಕ ನನಗೆ ಫೋನ್ ಮಾಡಿದರು. "ನೀನ್ ಚೆನ್ನಾಗೇ ಮಾತಾಡ್ದೆ ಬುಡಮ್ಮ. ಆದ್ರೆ ನಾನ್ ಯಾವಾಗ್ ಮಾತಾಡ್ದೆ?" ಆಮೇಲೆ ಅಂದರು, "ಕೆಂಚಿ ನನ್ ಕೂಡೆ ಮಾತು ಬಿಟ್ಟವ್ಳೆ. ನಮ್ಮೆಸ್ರೆಲ್ಲ ನೀನೇ ನುಂಗ್ಬುಟ್ಟೆ ಅಂತ ನಂಗಂತಾಳೆ. ನಾನ್ ಹೇಳಿದ್ನಲ್ಲಮ್ಮ?"

ಹೇಳಿದ್ದರು. ಒಂದೊಂದು ಹೆಸರಿಗೆ ಒಂದೊಂದು ಪೆಟ್ಟು ಕೊಟ್ಟು ಹೇಳಿದ್ದರು. ದೂರದ ಕೇಳುಗರಿಗೆ ಹೆಸರುಗಳ ಪಟ್ಟಿ ಯಾಕೆ ಎಂದು ನಾನೇ ಅದನ್ನು ಕತ್ತರಿಸಿ, 'ಸಂಗಡಿಗರು' ಎಂಬ ಒಂದು ಪದ ಇಟ್ಟೆ. ಇವತ್ತು ಈ ಭಾಷಣದ ಮೊದಲ ಸಾಲಿನಲ್ಲೂ ಅದೇ ಪದ ಇಟ್ಟಿದ್ದೆ, ನೀವೆಲ್ಲ ಕೇಳಿದಿರಿ. ಪೂರ್ತಿ ಧ್ವನಿಮುದ್ರಿಕೆ ನನ್ನ ಫೋನಿನಲ್ಲಿತ್ತು. ಅಂದೇ ಕಳಿಸಬಹುದಿತ್ತು. ಕಳಿಸಿದರೆ ನನ್ನ ಕತ್ತರಿ ಕಾಣುತ್ತದೆ ಎಂದು ಮೂರು ತಿಂಗಳು ಸುಮ್ಮನಿದ್ದೆ.

ಅಭಿನಂದನಾ ಪತ್ರದಲ್ಲಿ 'ನಾಡಿನ ದನಿಯನ್ನು ದೇಶಕ್ಕೆ ಕೇಳಿಸಿದವರು' ಎಂದು ಬರೆದಿದ್ದೀರಿ. ವೇದಿಕೆಯಿಂದ ಎಲ್ಲ ಕಾಣುತ್ತದೆ. ಮೂರನೆಯ ಸಾಲಿನಲ್ಲಿ ಓಬಕ್ಕನಿಗೂ ಕೆಂಚಮ್ಮನಿಗೂ ನಡುವೆ ಒಂದು ಕುರ್ಚಿ ಖಾಲಿಯಿದೆ. ಅದನ್ನು ಖಾಲಿ ಮಾಡಿಸಿದವಳೂ ನಾನೇ.

ಆದ್ದರಿಂದ ಭಾಷಣದ ಆ ಮೊದಲ ಸಾಲನ್ನು ಸರಿಮಾಡಿ ಮತ್ತೆ ಓದುತ್ತೇನೆ. ದೊಡ್ಡೇರಿಯಿಂದ ಬಂದಿರುವ ಓಬಕ್ಕನವರೇ, ಕೆಂಚಮ್ಮನವರೇ, ಸಣ್ಣೋಬಕ್ಕನವರೇ, ಈರಕ್ಕನವರೇ, ಪುಟ್ಟನಾಗಮ್ಮನವರೇ, ಹನುಮಕ್ಕನವರೇ. ಇದು ಓಬಕ್ಕ ಹೇಳಿದ ಕ್ರಮ. ಕೆಂಚಮ್ಮ, ಮೊದಲ ಪೆಟ್ಟು ನಿಮ್ಮ ಹೆಸರಿಗೇ ಬಿದ್ದಿತ್ತು. "ಕೆಂಚಿ ಪಕ್ಕದಾಗಿಲ್ದಿದ್ರೆ ನಂಗೆ ಒಂದು ಮಂಕ್ರಿ ಹಣ್ಣೂ ಸಾಗಾಕಿಲ್ಲ" ಎಂದಿದ್ದರು. ಅದನ್ನೂ ನಾನೇ ಕತ್ತರಿಸಿದ್ದೆ. ಸಭೆ ಮುಗಿದ ಮೇಲೆ ನೀವು ಆರು ಜನ ಕೂತು ನನ್ನ ಫೋನಿನಲ್ಲಿ ಪೂರ್ತಿ ಕೇಳಬೇಕು.

ಬ್ಯಾಗಿನಲ್ಲಿ ಇನ್ನೊಂದು ಕಾಗದವಿದೆ, ನನ್ನ ಕೇಂದ್ರದ ನಿರ್ದೇಶಕರಿಗೆ ಬರೆದದ್ದು. ಓಬಕ್ಕನ ಹದಿಮೂರು ನಿಮಿಷವನ್ನು ಅವರದೇ ದನಿಯಲ್ಲಿ, ಪೆಟ್ಟುಗಳ ಸಮೇತ, ಹೆಸರುಗಳ ಸಮೇತ ಮತ್ತೆ ಪ್ರಸಾರ ಮಾಡಬೇಕು. ಅನುವಾದ ಆ ದನಿ ಮುಗಿದ ಮೇಲೆ ಬರಲಿ, ಅದರ ಮೇಲಲ್ಲ. ತಪ್ಪು ನನ್ನದು ಎಂದು ಮೊದಲ ಸಾಲಿನಲ್ಲೇ ಇದೆ. ಅವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಬರೆದು ಮೂರು ವಾರವಾಯಿತು, ಕಳಿಸುವ ಧೈರ್ಯ ಬಂದಿರಲಿಲ್ಲ.

ನನ್ನನ್ನು ಮಗಳೆಂದು ಕರೆಸಿ ಶಾಲು ಹೊದಿಸಿದ ಊರಿಗೆ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.

ಇವತ್ತು ಭಾನುವಾರ, ಅಂಚೆ ಕಚೇರಿಗೆ ರಜೆ. ಕಾಗದವನ್ನು ಇಲ್ಲಿಂದಲೇ, ಮಧುಗಿರಿಯ ಮೊಹರು ಹಾಕಿಸಿ ಕಳಿಸುತ್ತೇನೆ: ನಾಳೆ, ಸೋಮವಾರ, ನವೆಂಬರ್ ಹದಿನೇಳು, ಎರಡು ಸಾವಿರದ ಇಪ್ಪತ್ತೈದು.