ಚುಚ್ಚದ ಇಲಿಯ ಕೆಂಪು ಹೃದಯ

ಮೊಂಟೆವಿಡಿಯೊದ ಬಸ್ ಸ್ಟಾಪಿನಲ್ಲಿ ನಿಂತಿದ್ದ ಸುಲ್ಮಾಗೆ ಬೇಡವೆಂದರೂ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ಕಂಕುಳಲ್ಲಿ ಫ್ಲಾಸ್ಕ್ ಇರುಕಿಕೊಂಡಿದ್ದ ನರೆಗೂದಲ ಹೆಂಗಸು ಅಲ್ಲಿಯವರು ಚಹಾದಂತೆ ಹೀರುವ ಮಾಟೆ ಸೊಪ್ಪು ತುಂಬಿದ ಸೋರೆಬುರುಡೆಗೆ ಬಿಸಿನೀರು ಹೊಯ್ದು ಜೊತೆಗಿದ್ದ ನೆರೆಯೊ ಎಂಬ ತರುಣನಿಗೆ ಕೊಟ್ಟಳು.

“ಕುಡಿ, ನೆರೆಯೊ. ನಾಳೆ ಲ್ಯಾಬಿನ ಸಭೆಯಲ್ಲಿ ಏನು ಹೇಳ್ತೀಯ?”

“ಅದೇ ಮೇಡಂ. ನಾವು ಜೀನ್ ತಿದ್ದಿದ ಇಲಿಗೆ ಬಸುರಲ್ಲಿ ಔಷಧಿ ಚುಚ್ಚಿದ್ರೆ, ಮರಿಯ ಹೃದಯದ ಹೊರಪೊರೆಯ ಕೋಶಗಳು ಮಾತ್ರ ಕೆಂಪಾಗ್ತವೆ. ಆಮೇಲೆ ಅವುಗಳಿಂದ ಹುಟ್ಟಿದ್ದೆಲ್ಲ ಕೆಂಪು. ಕೊನೆಗೆ ನೋಡಿದ್ರೆ ಇಡೀ ಹೃದಯ ಕೆಂಪು. ಅಂದ್ರೆ ಪೂರಾ ಆ ಪೊರೆಯಿಂದಲೇ ಹುಟ್ಟಿದ್ದು.”

“ಜೀನ್ ತಿದ್ದಿಯೂ ಔಷಧಿ ಚುಚ್ಚದೆ ಬಿಟ್ಟ ಇಲಿಯ ಮರಿ ನೋಡಿದ್ಯಾ?”

“ಅದ್ರಲ್ಲಿ ನೋಡೋಕೆ ಏನಿರುತ್ತೆ?”

“ನಾನು ಬೆಳಿಗ್ಗೆ ನೋಡಿದೆ. ಅದರ ಹೃದಯವೂ ಕೆಂಪು.”

ನೆರೆಯೊ ಹೀರುವುದನ್ನು ನಿಲ್ಲಿಸಿದ.

“ಔಷಧಿ ಇಲ್ಲದೆ, ಕಂಡಕಂಡ ಕೋಶದಲ್ಲಿ ಬಣ್ಣ ತಾನೇ ಹತ್ತಿಕೊಳ್ತಿದೆ ಮಹಾರಾಯ. ಫುಟ್‌ಬಾಲ್ ಮ್ಯಾಚಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟವರನ್ನೆಲ್ಲ ಒಂದೇ ತಾಯಿ ಮಕ್ಕಳು ಅಂದ ಹಾಗಾಯ್ತು ನಿಂದು.”

“ಹೃದಯ ಎಲ್ಲಿಂದ ಹುಟ್ಟುತ್ತೆ ಅಂತ ಮಗ ಕಂಡುಹಿಡಿದ ಅಂತ ಅಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದಿದಾಳೆ, ಮೇಡಂ.”

“ಹೃದಯ ಎಲ್ಲಿಂದ ಹುಟ್ಟಿತು ಅಂತ ನಿಮ್ಮಮ್ಮನೇ ತೀರ್ಮಾನ ಮಾಡೋದಾದ್ರೆ ಇಲಿ ಯಾಕೆ ಸಾಕ್ಬೇಕಿತ್ತು?”

“ಇದೊಂದು ಸಲ ಬಿಟ್ಬಿಡಿ. ಯಾರಿಗೂ ಗೊತ್ತಾಗಲ್ಲ.”

ನೆರೆಯೊ ಬುರುಡೆ ಹಿಂತಿರುಗಿಸುತ್ತಾ “ಥ್ಯಾಂಕ್ಸ್” ಅಂದ. ಆ ಊರಲ್ಲಿ ಹಾಗಂದರೆ ನನಗೆ ಸಾಕು, ಇನ್ನು ಹೊಯ್ಯಬೇಡಿ ಅಂತ.

ಹೆಂಗಸು ಮತ್ತೆ ನೀರು ಹೊಯ್ದು ಅವನ ಕೈಗೇ ತುರುಕಿದಳು.

“ನಾಳೆ ಬುರುಡೆ ಬಿಡೋಕೆ ಹೊರಟೋನು ಇವತ್ತು ಈ ಬುರುಡೆ ಹಿಡ್ಕೊ. ನಂಗಿನ್ನೂ ಸಾಕಾಗಿಲ್ಲ. ಲ್ಯಾಬಿಗೆ ಹೋಗೋ ಬಸ್ ಬಂತು, ಹತ್ತು, ಚುಚ್ಚದ ಇಲಿ ನೀನೇ ನೋಡುವಂತೆ.”